ನೆಲದಡಿಯ ಖಾತೆ ಪುಸ್ತಕ

ಬೇಸಗೆ ಬಂದಿತೆಂದರೆ ನಮ್ಮ ಸಂಘದ ಸದಸ್ಯರು ಎಲ್ಲಿ ಕಲೆತರೂ, ಮದುವೆಯ ಪಂಕ್ತಿಯಾಗಲಿ, ಶನಿವಾರದ ಭಜನೆಯಾಗಲಿ, ಮಾತು ಸುತ್ತಿ ಬಳಸಿ ಬೋರಿಗೇ ಬಂದು ನಿಲ್ಲುತ್ತದೆ. "ನಿಮ್ಮದು ಎಷ್ಟು ಅಡಿ?" ಎಂದು ವಿಚಾರಿಸುವುದು ಈಗ "ಮಕ್ಕಳೆಷ್ಟು?" ಎಂದು ವಿಚಾರಿಸಿದಷ್ಟೇ ಸಹಜ. ಮುನ್ನೂರು ಎಂದವರ ಮುಖ ಸಣ್ಣಗಾಗುತ್ತದೆ. ಸಾವಿರ ಎಂದವರು ಎದೆಯುಬ್ಬಿಸುತ್ತಾರೆ. ಆಳ ಹೆಚ್ಚಿದಷ್ಟೂ ನೀರು ಹೆಚ್ಚು ಎಂಬ ಈ ನಂಬಿಕೆಯನ್ನು ನಾವಿರುವ ಈ ಹೈದರಾಬಾದಿನ ನೆಲವೇ ಒಪ್ಪುವುದಿಲ್ಲ. ಈ ಸಲದ ಅಂಕಣವನ್ನು ಆ ವಿಷಯಕ್ಕೇ ಮೀಸಲಿಡುತ್ತೇನೆ. ವಾಚಕರು ಸ್ವಲ್ಪ ಲೆಕ್ಕವನ್ನು ಸಹಿಸಿಕೊಳ್ಳಬೇಕು. ಗುಮಾಸ್ತನ ಕೈಗೆ ಲೇಖನಿ ಕೊಟ್ಟರೆ ಅಷ್ಟು ಆಗಿಯೇ ಆಗುತ್ತದೆ.

ಪಾತಾಳಗಂಗೆ ಎಂಬ ಮಾತನ್ನು ಕೇಳಿ ಬೆಳೆದ ನಮಗೆ, ನೆಲದಡಿಯಲ್ಲಿ ದೊಡ್ಡದೊಂದು ಹೊಳೆಯೋ ಕೆರೆಯೋ ಇದೆಯೆಂಬ ಕಲ್ಪನೆ. ಕೊಳವೆ ಅಲ್ಲಿಗೆ ಮುಟ್ಟಿದರಾಯಿತು, ಇನ್ನು ಕಷ್ಟವಿಲ್ಲ! ಅಂಗೈಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡು ನೀರು ನೋಡುವವರು ಹುಡುಕುವುದೂ ಇಂಥದೊಂದು ಹೊಳೆಯನ್ನೇ. ನಿಜವಾಗಿ ಅಲ್ಲಿರುವುದು ಕಲ್ಲು. ಕಲ್ಲಿನ ಸಂದಿಯಲ್ಲಿ ಎಷ್ಟು ನೀರು ಹಿಡಿದರೆ ಅಷ್ಟು.

ಹೈದರಾಬಾದಿನಿಂದ ದಕ್ಷಿಣಕ್ಕೆ ಸುಮಾರು 30 ಕಿಲೋಮೀಟರು ಹೋದರೆ ಮಹೇಶ್ವರಂ ಸಿಗುತ್ತದೆ. ಅಲ್ಲಿಯ 53 ಚದರ ಕಿಲೋಮೀಟರು ವಿಸ್ತಾರದ ಜಲಾನಯನ ಪ್ರದೇಶವೊಂದನ್ನು, ಈ ಊರಿನಲ್ಲಿ 1961ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಭೂಭೌತಿಕ ಸಂಶೋಧನ ಸಂಸ್ಥೆಯವರು ಫ್ರಾನ್ಸ್ ದೇಶದ ಭೂವಿಜ್ಞಾನ ಸಂಸ್ಥೆಯೊಡನೆ ಕೂಡಿ, 1999ರಲ್ಲಿ ಆರಂಭಿಸಿ ವರ್ಷಾನುಗಟ್ಟಲೆ ಪರೀಕ್ಷಿಸಿದರು. ನೆಲವೆಲ್ಲ ಗ್ರ್ಯಾನೈಟ್. ನಮ್ಮ ಕೋಲಾರ, ತುಮಕೂರು ಕಡೆಯ ನೆಲಕ್ಕೆ ದಾಯಾದಿಯೆನ್ನಬಹುದು. ಅವರು ಕಂಡುಕೊಂಡ ಚಿತ್ರ ಹೀಗಿದೆ. ಮೇಲೆ ಮಣ್ಣು, ಅದರ ಕೆಳಗೆ 10ರಿಂದ 20 ಮೀಟರು ಗರಸು, ಅಂದರೆ ಯುಗಯುಗಗಳ ಮಳೆಯ ನೀರು ತಿಂದು ಸಡಿಲಾಗಿಸಿದ ಬಂಡೆ. ಅದರಡಿಯಲ್ಲಿ 15-20 ಮೀಟರಿನ ಬಿರುಕಿನ ಪದರ. ಗ್ರ್ಯಾನೈಟಿನಲ್ಲಿರುವ ಕಪ್ಪು ಕಾಗೆಬಂಗಾರ ನೀರು ತಾಗಿ ಕೊಳೆಯುವಾಗ ನೆನೆದ ಕಡಲೆಯಂತೆ ಉಬ್ಬುತ್ತದೆ. ಆ ಒತ್ತಡಕ್ಕೆ ಬಂಡೆ ಅಡ್ಡಡ್ಡಲಾಗಿ, ಹೋಳಿಗೆ ಪೇರಿಸಿಟ್ಟ ಹಾಗೆ ಸೀಳುತ್ತದೆ ಎಂದು ಅವರ ವಿವರಣೆ. ಬೋರಿಗೆ ಬರುವ ನೀರೆಲ್ಲ ಹೆಚ್ಚಾಗಿ ಈ ಸೀಳುಗಳದು. ಸುಮಾರು 40 ಮೀಟರು, ಅಂದರೆ 130 ಅಡಿ ದಾಟಿದ ಮೇಲೆ ನೀರು ಹಾಯುವ ಸೀಳುಗಳು ತೀರ ವಿರಳ. ಕೆಳಗೆ ಇರುವುದು ಗಟ್ಟಿ ಬಂಡೆ. ಅಲ್ಲೊಂದು ಇಲ್ಲೊಂದು ದೊಡ್ಡ ಬಿರುಕು ಆಳಕ್ಕೆ ಇಳಿದಿರುವುದುಂಟು. ಅದು ಸಿಕ್ಕವನು ಅದೃಷ್ಟವಂತ, ಆದರೆ ಆ ಬಿರುಕಿಗೂ ನೀರು ಮೇಲಿನಿಂದಲೇ ಬರಬೇಕು.

ಸರಿ, ಈ ಪದರದಲ್ಲಿ ನೀರೆಷ್ಟಿದೆ? ಕಲ್ಲನ್ನು ಹಿಂಡಿ ನೋಡುವಂತಿಲ್ಲ. ಇದಕ್ಕೆ ಅವರು ಹೂಡಿದ ಉಪಾಯ ನನಗೆ ಬಹಳ ಮೆಚ್ಚಿಕೆಯಾಯಿತು. ಬೇಸಗೆಯಲ್ಲಿ ಮಳೆಯಿಲ್ಲ, ಜಮಾ ಏನೂ ಇಲ್ಲ, ಖರ್ಚೊಂದೇ. ಆ ತಿಂಗಳುಗಳಲ್ಲಿ ರೈತರು ಪಂಪಿನಿಂದ ಎತ್ತಿದ ನೀರೆಷ್ಟು ಎಂದು ಅಳೆದರು. ಅದರ ಬಹುಪಾಲು ಭತ್ತದ ಗದ್ದೆಗೆ ಹೋಗುತ್ತದೆ. ಗದ್ದೆಗೆ ಬಿಟ್ಟದ್ದರಲ್ಲಿ ಹೆಚ್ಚು ಕಡಿಮೆ ಅರ್ಧ ಮತ್ತೆ ಇಂಗಿ ಕೆಳಗೇ ಸೇರುತ್ತದೆಯೆಂದು ಕಂಡುಬಂದಿತು. ಅದನ್ನು ವಾಪಸು ಜಮಾ ಕಟ್ಟಿದರು. ಉಳಿದ ನಿವ್ವಳ ಖರ್ಚಿಗೆ ನೀರಿನ ಮಟ್ಟ ಎಷ್ಟು ಮೀಟರು ಕುಸಿಯಿತು ಎಂದು ನೋಡಿದರೆ, ಕಲ್ಲಿನ ಕೂಡಿಡುವ ಶಕ್ತಿ ತಾನಾಗಿ ಹೊರಬೀಳುತ್ತದೆ. ಆಮೇಲೆ ಮಳೆಗಾಲದಲ್ಲಿ ಮಟ್ಟ ಏರಿದಾಗ ಅದೇ ಶಕ್ತಿಯಿಂದ ಗುಣಿಸಿ, ಇಂಗಿದ ಮಳೆ ಎಷ್ಟೆಂದು ತಿಳಿದರು. ಹೀಗೆ ಬಂದ ಅಂಕೆ 1.4 ಪ್ರತಿಶತ. ನೂರು ಕೊಡ ಕಲ್ಲಿನಲ್ಲಿ ಒಂದೂವರೆ ಕೊಡದಷ್ಟೂ ನೀರಿಲ್ಲ!

ಈ ಅಂಕೆಯನ್ನು ಮನೆಗೆ ತನ್ನಿ. ನಮ್ಮವರಿಗೆ ಪರಿಚಿತವಾದ 60x40 ನಿವೇಶನವೆಂದರೆ ಸುಮಾರು 223 ಚದರ ಮೀಟರು. ಅದರಡಿಯ ಒಂದು ಮೀಟರು ದಪ್ಪದ ಕಲ್ಲಿನಿಂದ ದೊರಕುವುದು 3,100 ಲೀಟರು. ತಲೆಗೆ ದಿನಕ್ಕೆ 135 ಲೀಟರೆಂಬ ಸರಕಾರಿ ಅಳತೆ ಹಿಡಿದರೆ, ಐದು ಜನರ ಸಂಸಾರಕ್ಕೆ 675 ಲೀಟರು. ಐದು ದಿನಕ್ಕೂ ಸಾಲದು. ಬಿರುಕಿನ ಪದರ 20 ಮೀಟರೂ ತುಂಬಿದ್ದರೆ ಒಂದು ಸಂಸಾರಕ್ಕೆ ಮೂರು ತಿಂಗಳು. ಅದೇ ನಿವೇಶನದಲ್ಲಿ ಮಹಡಿಯ ಮೇಲೆ ಮಹಡಿ ಎಬ್ಬಿಸಿ ಹತ್ತು ಸಂಸಾರ ಕೂಡಿಸಿದರೆ ಒಂಬತ್ತೇ ದಿನ. ಮಿಕ್ಕ ದಿನಗಳಲ್ಲಿ ನಾವು ಕುಡಿಯುವುದು ನೆರೆಯವರ ಖಾತೆಯ ನೀರು, ಅವರು ನಮ್ಮದು. ಇದರ ಇನ್ನೊಂದು ಮುಖವೂ ಇದೆ. ಪಾತ್ರೆ ಇಷ್ಟು ಚಿಕ್ಕದಾದ್ದರಿಂದ ತುಂಬುವುದೂ ಬೇಗ: ನೂರು ಮಿಲಿಮೀಟರು ಮಳೆ ನಿಜವಾಗಿ ಕೆಳಗಿಳಿದರೆ ಮಟ್ಟ ಏಳು ಮೀಟರು ಮೇಲೇರುತ್ತದೆ.

ಇಂಥ ಲೆಕ್ಕವನ್ನು ಇಡೀ ಪ್ರದೇಶಕ್ಕೆ ಮಾಡುವುದನ್ನೇ ಅಂತರ್ಜಲದ ಮಾದರಿ ಎನ್ನುತ್ತಾರೆ. ಹೆಸರು ಕೇಳಿ ಹೆದರಬೇಕಾದ್ದಿಲ್ಲ, ಅದೊಂದು ಖಾತೆ ಪುಸ್ತಕ. ನೆಲವನ್ನು ಚೌಕ ಚೌಕವಾಗಿಯೂ ಪದರ ಪದರವಾಗಿಯೂ ಹಂಚಿ, ಒಂದೊಂದಕ್ಕೂ ಒಂದೊಂದು ಖಾತೆ ತೆರೆಯುತ್ತಾರೆ. ಆರಂಭದ ಶಿಲ್ಕು, ಮಳೆಯ ಜಮಾ, ಪಂಪಿನ ಖರ್ಚು, ಪಕ್ಕದ ಖಾತೆಗೆ ವರ್ಗಾವಣೆ. ವರ್ಗಾವಣೆಯ ನಿಯಮವನ್ನು ಫ್ರಾನ್ಸಿನ ದಿಜಾನ್ ನಗರದ ಎಂಜಿನಿಯರ್ ಹೆನ್ರಿ ಡಾರ್ಸಿ ಮರಳು ತುಂಬಿದ ಕೊಳವೆಯಲ್ಲಿ ನೀರು ಹರಿಸಿ ಕಂಡುಹಿಡಿದು 1856ರಲ್ಲಿ ಪ್ರಕಟಿಸಿದ: ಮಟ್ಟದ ಇಳಿಜಾರು ಕಡಿದಾದಷ್ಟೂ, ನಡುವಿನ ಪದಾರ್ಥ ದಾರಿ ಬಿಟ್ಟಷ್ಟೂ ಹರಿವು ಹೆಚ್ಚು. (ಈ ವರ್ಗಾವಣೆಗೆ ಶಿಫಾರಸು ನಡೆಯುವುದಿಲ್ಲ.) ಅಮೆರಿಕದ ಭೂವಿಜ್ಞಾನ ಇಲಾಖೆಯವರು 1984ರಲ್ಲಿ ಇದಕ್ಕಾಗಿ ಹೊರತಂದ ಮಾಡ್‌ಫ್ಲೋ ಎಂಬ ಗಣಕ ಕ್ರಮವನ್ನು, ತಿದ್ದಿ ಬೆಳೆಸಿದ ರೂಪದಲ್ಲಿ, ಇಂದಿಗೂ ಲೋಕವೆಲ್ಲ ಬಳಸುತ್ತದೆ.

ಲೆಕ್ಕ ಮುಗಿದ ಮೇಲೆ ತಾಳೆ ನೋಡಬೇಕು. ಗಣಕ ಹೇಳಿದ ಮಟ್ಟಕ್ಕೂ ಬಾವಿಯಲ್ಲಿ ಟೇಪು ಇಳಿಸಿ ಅಳೆದ ಮಟ್ಟಕ್ಕೂ ಹೊಂದದಿದ್ದರೆ, ಕಲ್ಲಿನ ಗುಣದ ಅಂಕೆಗಳನ್ನು ತಿದ್ದುತ್ತಾರೆ. ನನಗೆ ಅನುಮಾನ ಬರುವುದು ಇಲ್ಲಿಯೇ. ತಿದ್ದಲು ಅಂಕೆಗಳು ಬೇಕಾದಷ್ಟಿರುವಾಗ ಯಾವ ಲೆಕ್ಕವನ್ನಾದರೂ ಕೂಡಿಸಿ ತೋರಿಸಬಹುದು; ಕಚೇರಿಯಲ್ಲಿ ಇಷ್ಟು ವರ್ಷ ಕುಳಿತವನಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ವರ್ಷಕ್ಕೆ ಹೊಂದಿಸಿದ ಮಾದರಿ ಇನ್ನೊಂದು ವರ್ಷಕ್ಕೂ ತಾನಾಗಿ ಹೊಂದಿದರೆ ಮಾತ್ರ ನಂಬಬೇಕು. ಬಣ್ಣದ ನಕ್ಷೆಗೆ ಮರುಳಾಗಬಾರದು.

ಕಳೆದ ಏಪ್ರಿಲಿನಲ್ಲಿ ನಮ್ಮ ಕಟ್ಟಡದ 20 ಮನೆಯವರು ಸಭೆ ಸೇರಿದ್ದೆವು. 300 ಅಡಿಯ ಎರಡು ಬೋರುಗಳೂ ಬತ್ತಿದ್ದವು. ಸಾವಿರ ಅಡಿಯ ಹೊಸದೊಂದನ್ನು ಕೊರೆಯಿಸಬೇಕೆಂದು ಸೂಚನೆ. ಮನೆಗೆ ಬೀಳುವ ಹಣ ನನ್ನ ಒಂದು ತಿಂಗಳ ಸಂಬಳದ ಹತ್ತಿರ. ಪಿಂಚಣಿಯ ಮೇಲೆ ಸಂಸಾರ ತೂಗಿಸುವ ಮೇಲ್ಮಹಡಿಯ ರಾಯರೇ ಎಲ್ಲರಿಗಿಂತ ಮುಂದೆ ನಿಂತರು.

"ಆಳಕ್ಕೆ ಹೋದರೆ ಸಿಗದೆ ಎಲ್ಲಿಗೆ ಹೋಗುತ್ತೆ ಸ್ವಾಮಿ? ಹಿಂದಿನ ಬೀದೀಲಿ 900 ಅಡಿಗೆ ಬಂತಲ್ಲ!"

"ಬಂತು ರಾಯರೆ. ಎಷ್ಟು ದಿನ ಬಂತು?"

"ಒಂದು ಬೇಸಗೆ ಬಂತಂತೆ," ಎಂದು ರಾಯರು ಕನ್ನಡಕ ಒರೆಸಿಕೊಂಡರು.

ಸಭೆ ಎರಡು ಪಕ್ಷವಾಯಿತು. ಕಡೆಗೆ ಕೊರೆಯುವುದನ್ನು ಮುಂದಕ್ಕೆ ಹಾಕಿ, ತಾರಸಿಯ ಮಳೆನೀರನ್ನು ಇಂಗುಗುಂಡಿಗೆ ಇಳಿಸುವುದಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ರಾಯರು ಇನ್ನೂ ಪೂರ್ತಿ ಒಪ್ಪಿಲ್ಲ.

ಬೇರೆ ಊರುಗಳ ಬಂಧುಗಳು ಈ ಚಿತ್ರವನ್ನು ಹಾಗೆಯೇ ತಮಗೆ ಅನ್ವಯಿಸಿಕೊಳ್ಳಬಾರದು. ಪುಣೆ, ಮುಂಬಯಿಯವರ ನೆಲ ಲಾವಾರಸ ಪದರ ಪದರವಾಗಿ ಹೆಪ್ಪುಗಟ್ಟಿದ ಕಪ್ಪುಕಲ್ಲು. ಅಲ್ಲಿ ಪದರಗಳ ನಡುವಿನ ಸಂದುಗಳನ್ನು ನೋಡಬೇಕು. ಮದರಾಸಿನ ಉತ್ತರಕ್ಕೆ ಮೀಂಜೂರಿನ ಕಡೆ ಮರಳಿನ ಪದರದಿಂದ ಅತಿಯಾಗಿ ಎತ್ತಿದ್ದಕ್ಕೆ ಸಮುದ್ರದ ಉಪ್ಪುನೀರೇ ಒಳಗೆ ಬಂದಿದೆ. ಕೇಂದ್ರ ಅಂತರ್ಜಲ ಮಂಡಳಿಯವರು 2012ರಲ್ಲಿ ಕೈಗೊಂಡ ಜಲಧರ ನಕ್ಷೆಯ ಯೋಜನೆಯಲ್ಲಿ ದೇಶದ ಸುಮಾರು 25 ಲಕ್ಷ ಚದರ ಕಿಲೋಮೀಟರು ಸೇರಿದೆ. 2023ರ ಹೊತ್ತಿಗೆ ಮೊದಲ ಸುತ್ತು ಮುಗಿದಿದೆ. ನಿಮ್ಮ ಜಿಲ್ಲೆಯ ವರದಿಯನ್ನು ಕೇಳಿ ನೋಡಬಹುದು.

ಆದರೆ ಜಿಲ್ಲೆಯ ನಕ್ಷೆ ನಮ್ಮ ಅಂಗಳದ ಮಟ್ಟಿಗೆ ಇಳಿಯುವುದಿಲ್ಲ. ಅದಕ್ಕೆ ಬೇಕಾದ ಸಾಕ್ಷ್ಯವೆಲ್ಲ ಬೋರಿನ ಲಾರಿ ಬಂದ ದಿನವೇ ಬಾಯಿಂದ ಹೊರಗೆ ಬಂದು, ಗಾಳಿಗೆ ಹಾರಿಹೋಗಿರುತ್ತದೆ. ಕಂದು ಗರಸಿನ ಪುಡಿ ಎಷ್ಟು ಅಡಿಗೆ ನಿಂತಿತು, ಬೂದುಬಣ್ಣದ ಹಸಿಕಲ್ಲಿನ ಪುಡಿ ಎಲ್ಲಿಂದ ಮೊದಲಾಯಿತು, ನೀರು ಯಾವ ಅಡಿಗೆ ಚಿಮ್ಮಿತು, ಯಾರೂ ಬರೆದಿಡುವುದಿಲ್ಲ. ಹತ್ತು ಹತ್ತು ಅಡಿಗೆ ಒಂದು ಹಿಡಿ ಪುಡಿಯನ್ನು ಕಾಗದದ ಮೇಲೆ ಸಾಲಾಗಿ ಇಟ್ಟು ಅಡಿ ಬರೆದರೆ ಸಾಕು. ಕೊರೆಯುವವನಿಗೆ ಅಡಿಯ ಲೆಕ್ಕದಲ್ಲಿ ಹಣ. ಅವನಿಗೆ ಇದರ ಅಗತ್ಯವಿಲ್ಲ.

ನಮ್ಮ ಹಳೆಯ ಬೋರುಗಳ ವಿಷಯದಲ್ಲಿ ಕಟ್ಟಡದ ಕಡತದಲ್ಲಿರುವುದು ಒಂದೇ ಬಿಲ್ಲು. ಕೊರೆದದ್ದು 300 ಅಡಿ, ಕೇಸಿಂಗ್ ಪೈಪು 60 ಅಡಿ. ಕೇಸಿಂಗನ್ನು ಇಳಿಸುವುದು ಸಡಿಲು ನೆಲ ಕುಸಿಯದಿರಲೆಂದು. ಗಟ್ಟಿ ಕಲ್ಲು ಸಿಕ್ಕಿದೊಡನೆ ನಿಲ್ಲಿಸುತ್ತಾರೆ. ಹಾಗಾದರೆ ನಮ್ಮ ಗರಸು ಮುಗಿಯುವುದು 60 ಅಡಿಯ ಆಸುಪಾಸಿನಲ್ಲಿ. ನೆಲ ಮಹೇಶ್ವರದಂತೆಯೇ ಇದ್ದರೆ, ಅಲ್ಲಿಂದ ಕೆಳಗೆ 50-60 ಅಡಿ ನಮ್ಮ ಪಾಲಿನ ಬಿರುಕಿನ ಪದರ. ಮಿಕ್ಕದ್ದು ಬರಿಯ ತೂತು. ನಿಮ್ಮ ಮನೆಯ ಬಿಲ್ಲನ್ನೂ ಒಮ್ಮೆ ಪೆಟ್ಟಿಗೆಯಿಂದ ತೆಗೆದು ಕೇಸಿಂಗಿನ ಅಂಕೆ ನೋಡಿ.