ಗಾಬರಿಯಲ್ಲ, ಹೃದಯದ ಬಡಿತ

ಹನ್ನೊಂದು ವರ್ಷಗಳ ಕಾಲ ನನ್ನ ಅಕ್ಕನಿಗಿದ್ದ ಕಾಯಿಲೆಯ ಹೆಸರು ‘ಗಾಬರಿ’. ಅಡುಗೆಮನೆಯಲ್ಲೋ ಬಸ್ ನಿಲ್ದಾಣದಲ್ಲೋ ಎದೆ ಇದ್ದಕ್ಕಿದ್ದಂತೆ ಡವಡವನೆ ಹೊಡೆದುಕೊಳ್ಳುತ್ತಿತ್ತು. ಇಪ್ಪತ್ತು ನಿಮಿಷಗಳ ಬಳಿಕ ದೀಪ ಆರಿಸಿದಂತೆ ಥಟ್ಟನೆ ನಿಲ್ಲುತ್ತಿತ್ತು. ಆಸ್ಪತ್ರೆಯಲ್ಲಿ ಇಸಿಜಿ ಮಾಡುವ ಹೊತ್ತಿಗೆ ಎಲ್ಲವೂ ನಾರ್ಮಲ್. ವೈದ್ಯರು ನಿದ್ರೆಯ ಮಾತ್ರೆ ಬರೆದುಕೊಟ್ಟರು. ಮನೆಯವರು ‘ಸುಮ್ಮನೆ ಏನೇನೋ ಯೋಚಿಸಬೇಡ’ ಎಂದೆವು. ಹಾಗೆ ಹೇಳಿದವರಲ್ಲಿ ನಾನೇ ಮೊದಲಿಗ.

ವಿಶ್ರಾಂತಿಯಲ್ಲಿರುವ ಹೃದಯ ನಿಮಿಷಕ್ಕೆ ಸಾಮಾನ್ಯವಾಗಿ 60ರಿಂದ 100 ಬಾರಿ ಮಿಡಿಯುತ್ತದೆ. ಓಡಿದಾಗ, ಅಂಜಿದಾಗ, ಜ್ವರ ಬಂದಾಗ ಈ ಬಡಿತ ಕ್ರಮೇಣ ಏರಿ ಕ್ರಮೇಣ ಇಳಿಯುತ್ತದೆ. ಆದರೆ ಕೆಲವರ ಹೃದಯದಲ್ಲಿ ವಿದ್ಯುತ್ ಸಂಕೇತ ಸಾಗಲು ಹೆಚ್ಚುವರಿ ಹಾದಿಯೊಂದಿರುತ್ತದೆ. ಸಂಕೇತ ಮುಂದೆ ಹೋಗಿ ಮುಗಿಯುವ ಬದಲು ಅಲ್ಲೇ ಗಿರಕಿ ಹೊಡೆಯತೊಡಗಿದರೆ ಬಡಿತ ಒಮ್ಮೆಲೇ 180, 200ಕ್ಕೆ ಜಿಗಿಯುತ್ತದೆ. ಆಗ ಗಾಬರಿಯಾಗದೆ ಇನ್ನೇನಾದೀತು? ನಾವು ಪರಿಣಾಮವನ್ನೇ ಕಾರಣವೆಂದು ತಿಳಿದಿದ್ದೆವು.

ಪುನೀತ್ ರಾಜ್‌ಕುಮಾರ್ ನಿಧನರಾದ 2021ರ ಅಕ್ಟೋಬರ್ ನಂತರ ಹೃದಯ ತಪಾಸಣೆಗಾಗಿ ಬೆಂಗಳೂರಿನಲ್ಲಿ ಜನ ಸಾಲುಗಟ್ಟಿದ್ದು ಓದುಗರಿಗೆ ನೆನಪಿರಬಹುದು. ಆ ಎಚ್ಚರ ತಪ್ಪಲ್ಲ. ಆದರೆ ಸಾಮಾನ್ಯ ಇಸಿಜಿ ದಾಖಲಿಸುವುದು ಸುಮಾರು 10 ಸೆಕೆಂಡುಗಳನ್ನು ಮಾತ್ರ. ಬಂದು ಹೋಗುವ ಈ ತೊಂದರೆಗೆ, ಎದೆ ಶಾಂತವಾಗಿದ್ದಾಗ ತೆಗೆದ ಇಸಿಜಿ ಕಳ್ಳ ಹೋದ ಮೇಲೆ ತೆಗೆದ ಫೋಟೊದಂತೆ.

ಅಕ್ಕನ ವಿಷಯದಲ್ಲಿ ಕಳ್ಳನನ್ನು ಹಿಡಿದವರು ಪಕ್ಕದ ಬೀದಿಯ ಸಣ್ಣ ನರ್ಸಿಂಗ್ ಹೋಮಿನ ದಾದಿ. ಹೆಸರು, ವಿಳಾಸ, ಮುಂಗಡ ಯಾವುದನ್ನೂ ಕೇಳದೆ ಮೊದಲು ಇಸಿಜಿ ತೆಗೆದರು: 190. ಅಡಿನೋಸಿನ್ ಚುಚ್ಚುಮದ್ದು ಕೊಟ್ಟ ಕೆಲವೇ ಸೆಕೆಂಡುಗಳಲ್ಲಿ ಬಡಿತ ಹಳಿಗೆ ಬಂತು. ಮುಂದೆ ತೊಡೆಯ ರಕ್ತನಾಳದ ಮೂಲಕ ಕ್ಯಾತಿಟರ್ ತೂರಿಸಿ ಆ ಹೆಚ್ಚುವರಿ ಹಾದಿಯನ್ನು ಸುಟ್ಟರು. ಎದೆ ಸೀಳದ ಈ ಚಿಕಿತ್ಸೆ ಇಂಥ ಬಹುತೇಕ ರೋಗಿಗಳಲ್ಲಿ ಫಲ ನೀಡುತ್ತದೆ.

ವೇಗದ ಬಡಿತಗಳೆಲ್ಲ ಇಷ್ಟು ಸೌಮ್ಯವಲ್ಲ. ಪ್ರಜ್ಞೆ ತಪ್ಪುವುದು, ಎದೆನೋವು, ಉಸಿರುಗಟ್ಟುವಿಕೆ ಜೊತೆಗಿದ್ದರೆ ಒಂದು ಕ್ಷಣವೂ ಕಾಯುವಂತಿಲ್ಲ. ಅದಕ್ಕೇ ನನ್ನ ಒತ್ತಾಯ: ಎದೆ ಹೊಡೆದುಕೊಳ್ಳುತ್ತಿದೆ ಎಂದು ಬಂದವರಿಗೆ, ವಿಶೇಷವಾಗಿ ಹೆಂಗಸರಿಗೆ, ಯಾವ ಆಸ್ಪತ್ರೆಯಾದರೂ ಮೊದಲು ಇಸಿಜಿ ತೆಗೆಯಲಿ, ಚೀಟಿ, ಕೌಂಟರು, ಉಪದೇಶ ಆಮೇಲಿರಲಿ.

ಇಸಿಜಿ ಕಾಗದದ ಗೆರೆ ಕಾಲಕ್ರಮದಲ್ಲಿ ಮಾಸುತ್ತದೆ. ಅಕ್ಕ ಅದರ ಮೂರು ಜೆರಾಕ್ಸ್ ಮಾಡಿಸಿದ್ದಾಳೆ. ಒಂದನ್ನು ನನ್ನ ಕೈಗೇ ಕೊಟ್ಟಳು.