ತೆರಿಗೆ ಕಚೇರಿಯ ನೌಕರರ ಸಂಘಗಳು, ಆಡಳಿತ ವರ್ಗ ಮತ್ತು ಅರ್ಜಿದಾರರು: ಒಂದು ವಿಶ್ಲೇಷಣೆ

ತೆರಿಗೆ ಇಲಾಖೆಗಳ ನೌಕರರ ಸಂಘಗಳು ಮುಷ್ಕರಕ್ಕೆ ಅಥವಾ ಪ್ರತಿಭಟನೆಗೆ ಕರೆ ನೀಡಿದ ಸಂದರ್ಭಗಳಲ್ಲಿ, ಮರುಪಾವತಿಗಾಗಿ ಕಾದಿರುವವರು ಹಾಗೂ ತಿದ್ದುಪಡಿ ಅರ್ಜಿ ಸಲ್ಲಿಸಿರುವವರು ತಮ್ಮ ಅರ್ಜಿಯ ಗತಿಯೇನೆಂದು ವಿಚಾರಿಸುವುದು ಸಹಜ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿ ಮತ್ತು ಪೀಣ್ಯ ಭಾಗಗಳಲ್ಲಿ ವೇತನದಿಂದಲೇ ತೆರಿಗೆ ಕಡಿತವಾಗುವ ನೌಕರರು ಹಾಗೂ ಸಣ್ಣ ಉದ್ದಿಮೆದಾರರು ಬಹುಸಂಖ್ಯೆಯಲ್ಲಿರುವುದರಿಂದ, ಈ ವಿಚಾರವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಮೊದಲಿಗೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಪೀಣ್ಯದ ಕಾರ್ಖಾನೆಯೊಂದರ ಕಾರ್ಮಿಕ ಸಂಘವು ತನ್ನ ಬೇಡಿಕೆ ಪಟ್ಟಿಯನ್ನು ಆಡಳಿತ ಮಂಡಳಿಗೆ ಸಲ್ಲಿಸಿ, ಒಪ್ಪಂದವಾಗದಿದ್ದಲ್ಲಿ ಕಾರ್ಮಿಕ ಇಲಾಖೆಯ ಸಂಧಾನಾಧಿಕಾರಿಗಳ ಮುಂದೆ ಹೋಗುತ್ತದೆ. ತೆರಿಗೆ ಕಚೇರಿಯ ನೌಕರರಿಗೆ ಆ ದಾರಿಯಿಲ್ಲ. ‘ಕೈಗಾರಿಕೆ’ ಎಂಬ ಪದದ ವ್ಯಾಪ್ತಿಯನ್ನು ಬಹಳ ವಿಸ್ತರಿಸಿದ ಸುಪ್ರೀಂ ಕೋರ್ಟಿನ 1978ರ ತೀರ್ಪು ನಮ್ಮ ಬೆಂಗಳೂರು ಜಲಮಂಡಳಿಯ ನೌಕರರ ವ್ಯಾಜ್ಯದಿಂದಲೇ ಹುಟ್ಟಿದ್ದು. ಆದರೆ ಆ ತೀರ್ಪು ಸಹ ರಾಜ್ಯದ ಸಾರ್ವಭೌಮ ಕಾರ್ಯಗಳನ್ನು ಹೊರಗಿಟ್ಟಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯೂ ಸಾರ್ವಭೌಮ ಕಾರ್ಯಗಳನ್ನು ಕೈಗಾರಿಕೆಯೆಂದು ಪರಿಗಣಿಸುವುದಿಲ್ಲ. ನೀರು ಸರಬರಾಜು ಕೈಗಾರಿಕೆಯಾಗಬಹುದು, ತೆರಿಗೆ ನಿರ್ಧರಣೆ ಆಗಲಾರದು ಎಂಬುದು ಇದರ ತಾತ್ಪರ್ಯ.

ಹಾಗಾದರೆ ಈ ನೌಕರರು ಆಡಳಿತ ವರ್ಗದೊಡನೆ ವ್ಯವಹರಿಸುವುದು ಹೇಗೆ? 1960ರ ಜುಲೈನಲ್ಲಿ ಕೇಂದ್ರ ಸರ್ಕಾರಿ ನೌಕರರು ಐದು ದಿನಗಳ ಮುಷ್ಕರ ನಡೆಸಿದರು. ಅದರ ನಂತರದ ಚರ್ಚೆಗಳ ಫಲವಾಗಿ 1966ರಲ್ಲಿ ಜಂಟಿ ಸಮಾಲೋಚನಾ ವ್ಯವಸ್ಥೆಯನ್ನು ಸ್ಥಾಪಿಸಲಾಯಿತು. ಸಂಪುಟ ಕಾರ್ಯದರ್ಶಿಯವರ ಅಧ್ಯಕ್ಷತೆಯ ರಾಷ್ಟ್ರೀಯ ಮಂಡಳಿ, ಇಲಾಖಾ ಮಂಡಳಿ ಮತ್ತು ಕಚೇರಿ ಮಂಡಳಿ ಎಂಬ ಮೂರು ಹಂತಗಳಲ್ಲಿ ಅಧಿಕಾರಿಗಳ ಪಕ್ಷವೂ ನೌಕರರ ಪಕ್ಷವೂ ಎದುರುಬದುರಾಗಿ ಕುಳಿತು ವಿಷಯಪಟ್ಟಿಯಂತೆ ಚರ್ಚಿಸುತ್ತವೆ. ಒಮ್ಮತ ಮೂಡದಿದ್ದಲ್ಲಿ ವೇತನ ಮತ್ತು ಭತ್ಯೆ, ವಾರದ ಕೆಲಸದ ಅವಧಿ, ಒಂದು ವರ್ಗದ ನೌಕರರ ರಜೆ ಎಂಬ ಮೂರು ವಿಷಯಗಳನ್ನು ಮಾತ್ರ ಕಡ್ಡಾಯ ಮಧ್ಯಸ್ಥಿಕೆಗೆ ಒಪ್ಪಿಸಬಹುದು. ಮಧ್ಯಸ್ಥಿಕೆ ಮಂಡಳಿಯ ತೀರ್ಪು ಉಭಯ ಪಕ್ಷಗಳಿಗೂ ಅನ್ವಯಿಸುತ್ತದೆಯಾದರೂ ಸಂಸತ್ತಿನ ಪರಮಾಧಿಕಾರಕ್ಕೆ ಅದು ಅಧೀನ. ಹುದ್ದೆಗಳ ಸಂಖ್ಯೆ, ಖಾಲಿ ಹುದ್ದೆಗಳ ಭರ್ತಿ, ಕೆಲಸವನ್ನು ಹೊರಗುತ್ತಿಗೆಗೆ ನೀಡುವುದು ಇವು ಈ ಮೂರರಲ್ಲಿ ಸೇರಿಲ್ಲ. ಅರ್ಜಿದಾರರಿಗೆ ನಿಜವಾಗಿ ತಟ್ಟುವ ವಿಷಯಗಳಾದರೋ ಇವೇ ಆಗಿವೆ.

ಯಾವ ಸಂಘಕ್ಕೆ ಮಾತನಾಡುವ ಹಕ್ಕಿದೆ ಎಂಬುದನ್ನು 1993ರ ಸೇವಾ ಸಂಘಗಳ ಮಾನ್ಯತಾ ನಿಯಮಗಳು ನಿರ್ಧರಿಸುತ್ತವೆ. ಒಂದು ವರ್ಗದ ನೌಕರರಲ್ಲಿ ಕನಿಷ್ಠ ಶೇ. 35ರಷ್ಟು ಮಂದಿ ಸದಸ್ಯರಾಗಿರುವ ಸಂಘಕ್ಕೆ ಮಾನ್ಯತೆ ದೊರೆಯುತ್ತದೆ. ನಂತರದ ಸ್ಥಾನದ ಸಂಘಕ್ಕೆ ಶೇ. 15 ಸಾಕು. ಸದಸ್ಯತ್ವವನ್ನು ವೇತನದಿಂದ ಕಡಿತವಾಗುವ ವಂತಿಗೆಯ ಮೂಲಕ ಪರಿಶೀಲಿಸಲಾಗುತ್ತದೆ. ಆದಾಯ ತೆರಿಗೆ ಇಲಾಖೆಯಲ್ಲಿ ನೌಕರರ ಒಕ್ಕೂಟವೂ ಗೆಜೆಟೆಡ್ ಅಧಿಕಾರಿಗಳ ಸಂಘವೂ ಪ್ರತ್ಯೇಕವಾಗಿದ್ದು, ದೊಡ್ಡ ಬೇಡಿಕೆಗಳ ಸಂದರ್ಭದಲ್ಲಿ ಜಂಟಿ ಕ್ರಿಯಾ ಮಂಡಳಿಯ ಹೆಸರಿನಲ್ಲಿ ಒಂದಾಗುತ್ತವೆ.

ಮುಷ್ಕರದ ವಿಷಯದಲ್ಲಿ ನಿಯಮ ಕಟ್ಟುನಿಟ್ಟಾಗಿದೆ. 1964ರ ನಡತೆ ನಿಯಮಗಳ 7ನೇ ನಿಯಮವು ಯಾವುದೇ ರೀತಿಯ ಮುಷ್ಕರವನ್ನು ನಿಷೇಧಿಸುತ್ತದೆ. 2003ರಲ್ಲಿ ತಮಿಳುನಾಡು ಸರ್ಕಾರವು ಮುಷ್ಕರನಿರತರಾದ ಒಂದೂವರೆ ಲಕ್ಷಕ್ಕೂ ಹೆಚ್ಚು ನೌಕರರನ್ನು ವಜಾಗೊಳಿಸಿದ ಪ್ರಕರಣದಲ್ಲಿ, ಸರ್ಕಾರಿ ನೌಕರರಿಗೆ ಮುಷ್ಕರ ಹೂಡುವ ಮೂಲಭೂತ, ಶಾಸನಬದ್ಧ ಅಥವಾ ನೈತಿಕ ಹಕ್ಕಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿತು. ಆದರೂ ಮುಷ್ಕರಗಳು ನಿಂತಿಲ್ಲ, ಮತ್ತು ಅವು ಯಾವಾಗಲೂ ನಿಷ್ಫಲವಾಗಿಯೂ ಇಲ್ಲ. ನಮ್ಮ ರಾಜ್ಯದಲ್ಲಿಯೇ 2023ರ ಮಾರ್ಚ್ 1ರಂದು ಕರ್ನಾಟಕ ರಾಜ್ಯ ಸರ್ಕಾರಿ ನೌಕರರ ಸಂಘವು ಅನಿರ್ದಿಷ್ಟಾವಧಿ ಮುಷ್ಕರ ಆರಂಭಿಸಿತು. ಅದೇ ದಿನ ಸರ್ಕಾರವು ಮೂಲ ವೇತನದ ಶೇ. 17ರಷ್ಟು ಮಧ್ಯಂತರ ಪರಿಹಾರವನ್ನು ಏಪ್ರಿಲ್ 1ರಿಂದ ನೀಡುವುದಾಗಿ ಆದೇಶಿಸಿತು, ಮುಷ್ಕರ ಹಿಂದೆಗೆಯಲ್ಪಟ್ಟಿತು. ಕೆ. ಸುಧಾಕರ ರಾವ್ ಅವರ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗವು 2024ರ ಮಾರ್ಚ್‌ನಲ್ಲಿ ವರದಿ ಸಲ್ಲಿಸಿತು, ಪರಿಷ್ಕೃತ ವೇತನ ಅದೇ ವರ್ಷದ ಆಗಸ್ಟ್ 1ರಿಂದ ಜಾರಿಗೆ ಬಂದಿತು. ಮಾತುಕತೆಯಿಂದ ತಿಂಗಳುಗಟ್ಟಲೆ ಬಗೆಹರಿಯದಿದ್ದುದು ಒಂದು ದಿನದೊಳಗೆ ಇತ್ಯರ್ಥವಾಯಿತೆಂಬುದು ಸಮಾಲೋಚನಾ ವ್ಯವಸ್ಥೆಯ ಬಗ್ಗೆ ಸಮಾಧಾನ ತರುವ ಸಂಗತಿಯಲ್ಲ.

ಈಗ ಎಲೆಕ್ಟ್ರಾನಿಕ್ ಸಿಟಿಯ ಕಡೆಗೆ ಬರೋಣ. ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರವು 2009ರಲ್ಲಿ ಹೊಸೂರು ರಸ್ತೆಯಲ್ಲಿ ಆರಂಭವಾಯಿತು. ಇಡೀ ದೇಶದ ವಿದ್ಯುನ್ಮಾನ ರಿಟರ್ನ್ಸ್‌ಗಳನ್ನು ಹಾಗೂ ಕರ್ನಾಟಕ ಮತ್ತು ಗೋವಾದ ಕಾಗದದ ರಿಟರ್ನ್ಸ್‌ಗಳನ್ನು ಸಂಸ್ಕರಿಸುವುದು ಅದಕ್ಕೆ ವಹಿಸಿದ ಕಾರ್ಯ. ಸಹಿ ಮಾಡಿದ ಸ್ವೀಕೃತಿ ಪತ್ರವನ್ನು ‘ಪೋಸ್ಟ್ ಬ್ಯಾಗ್ ನಂ. 1, ಎಲೆಕ್ಟ್ರಾನಿಕ್ ಸಿಟಿ ಅಂಚೆ ಕಚೇರಿ’ ಎಂಬ ವಿಳಾಸಕ್ಕೆ ಕಳುಹಿಸಿದವರು ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೂ ಇದ್ದಾರೆ. ಎಲೆಕ್ಟ್ರಾನಿಕ್ ಸಿಟಿಯನ್ನು ಎಂದೂ ನೋಡದವರಿಗೂ ಅದರ ಅಂಚೆ ವಿಳಾಸ ಬಾಯಿಪಾಠವಾಗಿತ್ತು. ಕೇಂದ್ರದ ತಾಂತ್ರಿಕ ನಿರ್ವಹಣೆಯನ್ನು ಇನ್ಫೋಸಿಸ್ ಸಂಸ್ಥೆಗೆ ಒಪ್ಪಿಸಲಾಯಿತು. 2019ರ ಜನವರಿಯಲ್ಲಿ ಕೇಂದ್ರ ಸಂಪುಟವು 4,241.97 ಕೋಟಿ ರೂ. ವೆಚ್ಚದ ಎರಡನೇ ಹಂತಕ್ಕೆ ಅನುಮೋದನೆ ನೀಡಿದಾಗ, ಆವರೆಗೆ ಸರಾಸರಿ 63 ದಿನ ಹಿಡಿಯುತ್ತಿದ್ದ ಸಂಸ್ಕರಣೆ ಒಂದು ದಿನಕ್ಕೆ ಇಳಿಯಲಿದೆಯೆಂದು ಪ್ರಕಟಿಸಲಾಯಿತು. 2021ರ ಜೂನ್ 7ರಂದು ಆರಂಭವಾದ ಹೊಸ ಜಾಲತಾಣವು ಮೊದಲ ತಿಂಗಳುಗಳಲ್ಲಿ ನೀಡಿದ ತೊಂದರೆ ಅನೇಕರ ನೆನಪಿನಲ್ಲಿರಬಹುದು. ಅದು ಮುಷ್ಕರದಿಂದ ಆದ ವಿಳಂಬವಲ್ಲ.

ಈ ಕೇಂದ್ರವು ನೌಕರರ ಸಂಘ ಮತ್ತು ಆಡಳಿತದ ಸಂಬಂಧವನ್ನು ಮೌನವಾಗಿ ಬದಲಿಸಿತು. ಹಿಂದೆ ರಿಟರ್ನ್ಸ್ ಸ್ವೀಕಾರ, ಲೆಕ್ಕದ ಪರಿಶೀಲನೆ, ಮರುಪಾವತಿ ಚೀಟಿ ಇವೆಲ್ಲವೂ ವಾರ್ಡ್ ಕಚೇರಿಯ ಗುಮಾಸ್ತರ ಹಾಗೂ ನಿರೀಕ್ಷಕರ ಕೈಯಲ್ಲಿದ್ದವು. ಅವರು ಲೇಖನಿ ಕೆಳಗಿಟ್ಟರೆ ಕೆಲಸ ನಿಲ್ಲುತ್ತಿತ್ತು. ಇಂದು ಸಾಮಾನ್ಯ ವೇತನದಾರರ ರಿಟರ್ನ್ಸ್ ವಾರ್ಡ್ ಕಚೇರಿಯ ಮೇಜನ್ನು ಮುಟ್ಟುವುದೇ ಇಲ್ಲ. ಹಾಗೆಂದು ಇಲಾಖೆಯು ಹುದ್ದೆಗಳನ್ನು ಬೇಡವೆಂದಿಲ್ಲ: 2013ರ ಮೇ ತಿಂಗಳಿನಲ್ಲಿ ಕೇಂದ್ರ ಸಂಪುಟವು ವೃಂದ ಪುನಾರಚನೆಯಡಿ 20,751 ಹೆಚ್ಚುವರಿ ಹುದ್ದೆಗಳಿಗೆ ಒಪ್ಪಿಗೆ ನೀಡಿತು. ಆದರೆ ಮಂಜೂರಾತಿ ಬೇರೆ, ಭರ್ತಿ ಬೇರೆ. ಸಂಘಗಳು ಖಾಲಿ ಹುದ್ದೆಗಳ ಭರ್ತಿಯನ್ನೇ ಮತ್ತೆ ಮತ್ತೆ ಮುಂದಿಡುತ್ತಿರುವುದು ಸ್ವಹಿತದ ಬೇಡಿಕೆಯಂತೆ ಕಂಡರೂ, ತಿದ್ದುಪಡಿ ಅರ್ಜಿ ಹಿಡಿದು ಕಾದಿರುವವರ ಹಿತವೂ ಅದರಲ್ಲಿ ಅಡಗಿದೆ.

ಇನ್ನೊಂದು ಸೂಕ್ಷ್ಮವಿದೆ. ಮಾನ್ಯತೆ ಪಡೆದ ಸಂಘದ ಸದಸ್ಯತ್ವ ಸರ್ಕಾರಿ ನೌಕರರಿಗೆ ಮಾತ್ರ ಮೀಸಲು. ಗುತ್ತಿಗೆ ಸಂಸ್ಥೆಯ ಸಿಬ್ಬಂದಿ ಅದೇ ಇಲಾಖೆಯ ಕೆಲಸವನ್ನು ನಿರ್ವಹಿಸಿದರೂ ಜಂಟಿ ಸಮಾಲೋಚನಾ ಸಭೆಯಲ್ಲಿ ಅವರ ಪರವಾಗಿ ಕುಳಿತುಕೊಳ್ಳುವವರು ಯಾರೂ ಇಲ್ಲ. ಮಾಹಿತಿ ತಂತ್ರಜ್ಞಾನ ಕ್ಷೇತ್ರಕ್ಕೆ ರಾಜ್ಯ ಸರ್ಕಾರವು ಸ್ಥಾಯೀ ಆದೇಶಗಳ ಕಾಯ್ದೆಯಿಂದ 2019ರಲ್ಲಿ ಐದು ವರ್ಷಗಳ ಕಾಲ ಷರತ್ತುಬದ್ಧ ವಿನಾಯಿತಿ ನೀಡಿ, 2024ರಲ್ಲಿ ಅದನ್ನು ಮುಂದುವರಿಸಿತ್ತು. ಈ ಕ್ಷೇತ್ರದ ನೌಕರರ ಸಂಘವೊಂದು 2017ರಲ್ಲಷ್ಟೇ ನೋಂದಣಿಯಾಯಿತು. ಒಂದೇ ರಿಟರ್ನ್ಸ್‌ನ ಹಾದಿಯಲ್ಲಿ ಹೀಗೆ ಎರಡು ಬಗೆಯ ನೌಕರರು, ಎರಡು ಬಗೆಯ ಕಾನೂನು.

ಅರ್ಜಿದಾರರಿಗೆ ಇದರ ಪರಿಣಾಮವೆಂದರೆ, ದಾಖಲೆ ಒಂದೆಡೆ, ದೂರು ಕೇಳುವವರು ಇನ್ನೊಂದೆಡೆ. 2011ರ ಕೇಂದ್ರೀಕೃತ ಸಂಸ್ಕರಣಾ ಯೋಜನೆಯಂತೆ ಕೇಂದ್ರದ ಅಧಿಕಾರಿಗಳ ಮುಂದೆ ಯಾರೂ ಖುದ್ದಾಗಿ ಹಾಜರಾಗಬೇಕಿಲ್ಲ. ಆದ್ದರಿಂದ ಕಂಪನಿಯ ಊಟದ ವಿರಾಮದಲ್ಲಿ ಹೊಸೂರು ರಸ್ತೆಯ ಕಟ್ಟಡದ ಬಾಗಿಲಿಗೆ ಹೋಗುವುದರಿಂದ ಪ್ರಯೋಜನವಿಲ್ಲ. ಕ್ವೀನ್ಸ್ ರಸ್ತೆಯ ಅಥವಾ ಕೋರಮಂಗಲದ ಕಚೇರಿಗಳಿಗೆ ಹೋದವರಿಗೆ, ಕಡತವು ಕೇಂದ್ರದಲ್ಲಿದೆಯೆಂಬ ಉತ್ತರ ದೊರೆಯಬಹುದು.

ನೌಕರರ ಪ್ರತಿಭಟನೆಯ ಅವಧಿಯಲ್ಲಿ ಸಾರ್ವಜನಿಕರು ಗಮನಿಸಬೇಕಾದ ಅಂಶವೆಂದರೆ, ಮುಷ್ಕರದ ಕಾರಣದಿಂದ ರಿಟರ್ನ್ಸ್ ಸಲ್ಲಿಕೆಯ ಕೊನೆಯ ದಿನಾಂಕ ತಾನಾಗಿ ಮುಂದೆ ಹೋಗುವುದಿಲ್ಲ. ಅದಕ್ಕೆ ಪ್ರತ್ಯೇಕ ಆದೇಶ ಬೇಕು. ಹಾಗೆಯೇ ಇಲಾಖೆಗೆ ವಿಧಿಸಿರುವ ಕಾಲಮಿತಿಯೂ ಉಳಿಯುತ್ತದೆ. 1961ರ ಕಾಯ್ದೆಯಡಿ ಸಲ್ಲಿಸಿದ ರಿಟರ್ನ್ಸ್‌ನ ಸಂಸ್ಕರಣೆಯ ತಿಳಿವಳಿಕೆ ಪತ್ರವನ್ನು, ಸಲ್ಲಿಸಿದ ಹಣಕಾಸು ವರ್ಷ ಮುಗಿದ ಒಂಬತ್ತು ತಿಂಗಳೊಳಗೆ ಕಳುಹಿಸಬೇಕು. ಮರುಪಾವತಿಗೆ ತಿಂಗಳಿಗೆ ಶೇ. ಅರ್ಧದಂತೆ ಬಡ್ಡಿ ಸಲ್ಲುತ್ತದೆ. ಮರುಪಾವತಿಯ ಮೊತ್ತವು ನಿರ್ಧರಿತ ತೆರಿಗೆಯ ಶೇ. 10ಕ್ಕಿಂತ ಕಡಿಮೆಯಿದ್ದಲ್ಲಿ ಬಡ್ಡಿಯಿಲ್ಲ. ತೆರಿಗೆದಾರರಿಂದಲೇ ಆದ ವಿಳಂಬದ ಅವಧಿಯನ್ನು ಬಡ್ಡಿಯಿಂದ ಕಳೆಯಲಾಗುತ್ತದೆ. ಕಚೇರಿಯ ನೌಕರರ ಗೈರುಹಾಜರಿ ಆ ಬಗೆಯ ವಿಳಂಬವಲ್ಲ. ಪೀಣ್ಯದ ರಫ್ತುದಾರರು ಸಲ್ಲಿಸುವ ಸರಕು ಮತ್ತು ಸೇವಾ ತೆರಿಗೆಯ ಮರುಪಾವತಿ ಅರ್ಜಿಗೆ 60 ದಿನಗಳ ಮಿತಿಯಿದ್ದು, ಮೀರಿದರೆ ವಾರ್ಷಿಕ ಶೇ. 6ರವರೆಗೆ ಬಡ್ಡಿ ಸಲ್ಲುತ್ತದೆ.

ಆದಾಯ ತೆರಿಗೆ ಒಂಬುಡ್ಸ್‌ಮನ್ ಹುದ್ದೆಯನ್ನು 2019ರಲ್ಲಿ ರದ್ದುಪಡಿಸಲಾಗಿದೆ. ಕುಂದುಕೊರತೆಗಳನ್ನು ಇಲಾಖೆಯ ಇ-ನಿವಾರಣ ವ್ಯವಸ್ಥೆಯಲ್ಲಿ ಅಥವಾ ಕೇಂದ್ರ ಸರ್ಕಾರದ ಸಾರ್ವಜನಿಕ ಕುಂದುಕೊರತೆ ಜಾಲತಾಣದಲ್ಲಿ ದಾಖಲಿಸಿ, ನೋಂದಣಿ ಸಂಖ್ಯೆಯನ್ನು ಕಾಪಾಡಿಕೊಳ್ಳಬೇಕು. ಎರಡನೆಯದರಲ್ಲಿ ಇತ್ಯರ್ಥದ ಅವಧಿಯನ್ನು 2024ರ ಆಗಸ್ಟ್‌ನಲ್ಲಿ 21 ದಿನಗಳಿಗೆ ಇಳಿಸಲಾಗಿದೆ. ತಿಳಿವಳಿಕೆ ಪತ್ರದಲ್ಲಿ ಲೆಕ್ಕದ ತಪ್ಪು ಕಂಡುಬಂದಲ್ಲಿ ತಿದ್ದುಪಡಿಯ ಕೋರಿಕೆಯನ್ನು ಜಾಲತಾಣದ ಮೂಲಕವೇ ಸಲ್ಲಿಸಬಹುದು; ಇದಕ್ಕೆ ಶುಲ್ಕವಿಲ್ಲ.