ನಕಲು ಉಳಿಯದ ಕಾಗದ

ಕನ್ನಡದಲ್ಲಿ ಕಾಗದ ಎಂದರೆ ಹಾಳೆಯೂ ಹೌದು, ಪತ್ರವೂ ಹೌದು. ‘ಊರಿಂದ ಕಾಗದ ಬಂತು’ ಎಂದರೆ ಖಾಲಿ ಹಾಳೆ ಬಂತೆಂದು ಯಾರೂ ತಿಳಿಯುವುದಿಲ್ಲ. ಓಲೆ ಎಂದರೆ ತಾಳೆಗರಿ. ಅದರ ಮೇಲೆ ಬರೆದು ಕಳಿಸಿದ ಸುದ್ದಿಗೂ ಓಲೆ ಎಂದೇ ಹೆಸರು. ಸಂಸ್ಕೃತದಿಂದ ಬಂದ ‘ಪತ್ರ’ದ ಮೂಲ ಅರ್ಥವೂ ಎಲೆಯೇ. ಸುದ್ದಿಯನ್ನೂ ಅದನ್ನು ಹೊತ್ತು ತರುವ ವಸ್ತುವನ್ನೂ ನಮ್ಮ ಹಿರಿಯರ ಮಾತು ಬೇರೆ ಮಾಡಿರಲಿಲ್ಲ. ಬೇರೆ ಮಾಡಿದವರು ನಾವು, ಸಾಫ್ಟ್‌ವೇರ್ ಮಂದಿ.

ನಾನೂ ಅದೇ ಕೆಲಸದವನು. ಪುಣೆಯ ವಿಮಾನ ನಗರದಲ್ಲಿ ಮನೆ, ಹತ್ತು ನಿಮಿಷದ ದೂರದಲ್ಲಿ ಕಚೇರಿ. ನಮ್ಮ ತಂಡ ನೋಡಿಕೊಳ್ಳುವುದು ನೋಟಿಫಿಕೇಶನ್ ಕಳಿಸುವ ತಂತ್ರಾಂಶವನ್ನು. ಸಂದೇಶ ಹೊರಟಿತೇ, ತಲುಪಿತೇ, ತೆರೆದರೇ, ತೆರೆಯಲು ಎಷ್ಟು ಸೆಕೆಂಡು ಹಿಡಿಯಿತು, ತೆರೆಯದಿದ್ದರೆ ಮತ್ತೆ ಯಾವಾಗ ಕಳಿಸಬೇಕು, ಇವೇ ನಮ್ಮ ದಿನದ ಲೆಕ್ಕ. ಇಂಥ ಕೆಲಸ ಮಾಡುವವನು ರಾತ್ರಿ ಊಟವಾದ ಮೇಲೆ ಗ್ರಾಫ್ ಹಾಳೆಯಲ್ಲಿ ಕಸೂತಿ ಬಿಡಿಸಿ, ಕೆಳಗೆ ನಾಲ್ಕು ಸಾಲು ಬರೆದು, ಐದು ರೂಪಾಯಿ ಸ್ಟಾಂಪು ಹಚ್ಚಿ ಗೆಳೆಯರಿಗೆ ಟಪಾಲಿಗೆ ಹಾಕುತ್ತಾನೆಂದರೆ ಸಹೋದ್ಯೋಗಿಗಳಿಗೆ ನಗು. ‘ಹಳೇ ಕಾಲದ ಹುಚ್ಚು’ ಎನ್ನುತ್ತಾರೆ. ಹಳೇ ಕಾಲದ ಮೇಲಿನ ಮೋಹ ನನಗಿಲ್ಲ. ಕಾಗದಕ್ಕೆ ಕಾಯುತ್ತ ಕುಳಿತ ತಾಯಂದಿರು, ಓದಲು ಬಾರದೆ ಟಪಾಲಿನವನಿಂದಲೇ ಮನೆಯ ಗುಟ್ಟು ಓದಿಸಿಕೊಂಡವರು ನಮ್ಮ ಊರುಗಳಲ್ಲಿ ಬೇಕಾದಷ್ಟಿದ್ದರು. ಅದು ಸುಖದ ಕಾಲವೇನಲ್ಲ. ನಾನು ಹೇಳಹೊರಟಿದ್ದು ಇವತ್ತಿನ ಮಾತು: ಕೈಯಿಂದ ಮಾಡಿ ಕಳಿಸಿದ ಕಾಗದ ಇಂದು ಮಾಡುವ ಒಂದು ಕೆಲಸವನ್ನು ಫೋನು ಮಾಡಲಾರದು.

ಆ ಕೆಲಸ ಯಾವುದೆಂದರೆ, ಕೊಟ್ಟುಬಿಡುವುದು.

ಕಂಪ್ಯೂಟರಿನಲ್ಲಿ ‘ಕಳಿಸು’ ಎಂಬುದಕ್ಕೆ ನಿಜವಾದ ಅರ್ಥ ‘ನಕಲು ಮಾಡು’ ಎಂದು. ಫೋಟೊ ಕಳಿಸಿದರೆ ನನ್ನ ಬಳಿ ಒಂದು, ಸರ್ವರಿನಲ್ಲಿ ಒಂದು, ಅವನ ಬಳಿ ಒಂದು. ಯಾರ ಕೈಯಿಂದಲೂ ಏನೂ ಹೋಗಲಿಲ್ಲ. ಎರಡು ಸಂಜೆ ಕೂತು ಮಾಡಿದ ಕಾಗದವನ್ನು ಕೆಂಪು ಡಬ್ಬಿಯ ಬಾಯಿಗೆ ಹಾಕಿದಾಗ ಮಾತ್ರ ಅದು ನನ್ನ ಕೈಬಿಟ್ಟು ಹೋಗುತ್ತದೆ. ತಲುಪಿತೋ ಇಲ್ಲವೋ, ಓದಿದನೋ ಇಲ್ಲವೋ ಹೇಳಲು ನೀಲಿ ಗೆರೆಗಳಿಲ್ಲ. ಆ ಕ್ಷಣದಿಂದ ಅದು ಅವನದು. ಇಟ್ಟುಕೊಳ್ಳಲಿ, ಹರಿಯಲಿ, ಒಲೆಗೆ ಹಾಕಲಿ.

ಇದರ ಬೆಲೆ ನನಗೆ ತಿಳಿದದ್ದು ಎಂ.ಟೆಕ್ ದಿನಗಳ ಒಬ್ಬ ಗೆಳೆಯನಿಂದ. ಕೆಲಸ ಹೋಯಿತು. ಗದಗ ಸೀಮೆಯ ತನ್ನ ಊರಿಗೆ ಮರಳಿದ. ಹಾಸ್ಟೆಲ್ ಗ್ರೂಪಿನಿಂದ ಹೊರಬಂದ. ಫೋನ್ ಎತ್ತುವುದನ್ನು ಬಿಟ್ಟ. ನಾವೆಲ್ಲ ಕಳಿಸಿದ ಸಂದೇಶಗಳನ್ನು ಒಮ್ಮೆ ಸಾಲಾಗಿ ನೋಡಿ: ‘ಏನಾತೋ?’, ‘ಎಲ್ಲಿ ಅದೀ?’, ‘ಎಲ್ಲಾರ ಅಪ್ಲೈ ಮಾಡಿಯೋ ಇಲ್ಲೋ?’, ‘ನೋಡಿದ್ರೂ ಯಾಕ ಉತ್ತರ ಇಲ್ಲ?’ ಎಲ್ಲವೂ ಕಾಳಜಿಯವೇ, ಆದರೆ ಎಲ್ಲವೂ ಪ್ರಶ್ನೆಗಳೇ. ಉತ್ತರ ಕೊಡುವ ಸ್ಥಿತಿಯಲ್ಲಿ ಇಲ್ಲದವನಿಗೆ ಪ್ರತಿ ಪ್ರಶ್ನೆಯೂ ಒಂದು ಸಾಲದ ಚೀಟಿ. ಓದಿದರೆ ಓದಿದ್ದು ಗೊತ್ತಾಗುತ್ತದೆ, ಓದಿ ಸುಮ್ಮನಿದ್ದರೆ ಸುಮ್ಮನಿದ್ದದ್ದೂ ಗೊತ್ತಾಗುತ್ತದೆ. ಅವನು ಫೋನನ್ನೇ ದೂರ ಇಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ನಾನು ಹದಿನೈದು ದಿನಕ್ಕೊಂದು ಕಾರ್ಡು ಹಾಕತೊಡಗಿದೆ. ಅದರಲ್ಲಿ ಪ್ರಶ್ನೆ ಇರಬಾರದೆಂಬುದೊಂದೇ ನಿಯಮ. ದತ್ತ ಮಂದಿರ ಚೌಕದಲ್ಲಿ ಸೇವಂತಿಗೆಯ ದರ, ತಲೆಯ ಮೇಲೆ ಹಾರಿದ ವಿಮಾನಕ್ಕೆ ಹೆದರಿ ಬಾಲ್ಕನಿಯ ಪಾರಿವಾಳ ಮಾಡಿದ ಗದ್ದಲ, ಹೊಸ ಖಾನಾವಳಿಯ ಜೋಳದ ರೊಟ್ಟಿ ಎಷ್ಟು ದಪ್ಪ, ಇಂಥವು. ಮೇಲೆ ಒಂದು ಕಸೂತಿ ಗೋಪುರ. ಆರನೆಯ ಕಾರ್ಡಿನ ನಂತರ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ಬರೆದದ್ದು ಮೂರೇ ಸಾಲು. ಕೆಳಗೆ ನನ್ನದೇ ಗೋಪುರವನ್ನು ತೆಗೆದಿದ್ದ. ಅದರ ತುದಿಯಲ್ಲಿ ಬೇರೆ ಕೈಯ, ನಡುಗುವ ಗೆರೆಯ ಒಂದು ಕಳಸ. ‘ಕಳಸ ಇಲ್ಲದ ಗೋಪುರ ಕಳಿಸಬ್ಯಾಡ ಅಂತ ಅವ್ವ ಹೇಳ್ಯಾಳ’ ಎಂದು ಬರೆದಿದ್ದ. ಕಾಗದದಿಂದ ಅವನಿಗೆ ಕೆಲಸ ಸಿಗಲಿಲ್ಲ. ಅದನ್ನು ಮುಂದೆ ಅವನೇ ಹುಡುಕಿಕೊಂಡ. ಆದರೆ ಆ ಮೂರು ತಿಂಗಳು ಅವನ ಮನೆಯಲ್ಲಿ ನನ್ನ ಕಾರ್ಡುಗಳನ್ನು ತಾಯಿ ಮಗ ಇಬ್ಬರೂ ಕೂತು ನೋಡುತ್ತಿದ್ದರು, ಆ ಹೊತ್ತಿಗಾದರೂ ಮಾತಾಡುತ್ತಿದ್ದರು ಎಂದು ಆಮೇಲೆ ತಿಳಿಯಿತು. ನೋಟಿಫಿಕೇಶನ್ನನ್ನು ಇಬ್ಬರು ಕೂತು ನೋಡುವುದಿಲ್ಲ.

ಹೀಗೆ ಚಿತ್ರ ಬರೆದು, ಅಂಟಿಸಿ, ಅಚ್ಚೊತ್ತಿ ಅಂಚೆಯಲ್ಲಿ ಕಳಿಸುವುದಕ್ಕೆ ಹೊರದೇಶಗಳಲ್ಲಿ ‘ಮೇಲ್ ಆರ್ಟ್’ ಎನ್ನುತ್ತಾರೆ. 1960ರ ದಶಕದಲ್ಲಿ ನ್ಯೂಯಾರ್ಕಿನ ರೇ ಜಾನ್ಸನ್ ಎಂಬ ಕಲಾವಿದ ಸಣ್ಣ ಸಣ್ಣ ಕೊಲಾಜುಗಳನ್ನು ಗೆಳೆಯರಿಗೆ ಅಂಚೆಯಲ್ಲಿ ಕಳಿಸುತ್ತಿದ್ದ. ಕೆಲವದರ ಮೇಲೆ ‘ಇದಕ್ಕೆ ಏನಾದರೂ ಸೇರಿಸಿ ಇಂಥವರಿಗೆ ಕಳಿಸಿ’ ಎಂಬ ಸೂಚನೆ ಇರುತ್ತಿತ್ತು. ಗ್ಯಾಲರಿ, ಬೆಲೆ, ಹರಾಜು ಯಾವುದರ ಹಂಗೂ ಇಲ್ಲದೆ ಕಲೆ ಕೈಯಿಂದ ಕೈಗೆ ಹೋಗುತ್ತಿತ್ತು. ಜಪಾನಿನ ಆನ್ ಕವಾರಾ 1968ರಿಂದ 1979ರವರೆಗೆ, ತಾನು ಯಾವ ಊರಿನಲ್ಲಿದ್ದರೆ ಅಲ್ಲಿಂದ, ದಿನಕ್ಕೆ ಎರಡು ಚಿತ್ರಕಾರ್ಡುಗಳನ್ನು ಪರಿಚಿತರಿಗೆ ಕಳಿಸಿದ. ರಬ್ಬರ್ ಸ್ಟಾಂಪಿನಲ್ಲಿ ಒತ್ತಿದ ವಿಷಯ ಒಂದೇ: ಇವತ್ತು ಇಷ್ಟು ಗಂಟೆಗೆ ಎದ್ದೆ.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಮನೆಗಳ ಹಳೆಯ ಕಾಗದಗಳು. ‘ಇತ್ತ ಕಡೆ ಎಲ್ಲ ಕ್ಷೇಮ’ ಎಂಬ ಸಾಲಿಗಿಂತ ಆ ಕಾರ್ಡುಗಳು ಹೆಚ್ಚೇನು ಹೇಳುತ್ತವೆ? ಗೋಡೆಯ ಮೊಳೆಗೆ ಸಿಕ್ಕಿಸಿದ ತಂತಿಯಲ್ಲಿ ಪೋಣಿಸಿಟ್ಟ ಕಾಗದಗಳನ್ನು ನೋಡಿದವರಿಗೆ ಗೊತ್ತು: ನಾಲ್ಕು ಮೂಲೆಗೆ ಅರಿಶಿನ ಹಚ್ಚಿದ್ದರೆ ಶುಭ ಸುದ್ದಿ. ಸಾವಿನ ಸುದ್ದಿಯ ಕಾರ್ಡಿಗೆ ಕೆಲವೆಡೆ ಕಪ್ಪು ಅಂಚು, ಕೆಲವೆಡೆ ಹರಿದ ಮೂಲೆ. ಅಕ್ಷರ ಬಾರದ ಅಜ್ಜಿಗೂ ಕಾಗದ ಕೈಗೆ ಬಂದ ಕೂಡಲೇ ಅರ್ಧ ಸುದ್ದಿ ತಿಳಿಯುತ್ತಿತ್ತು. ಅದಕ್ಕೆ ನಾವು ಕಲೆ ಎಂದು ಹೆಸರಿಡಲಿಲ್ಲ ಅಷ್ಟೆ.

‘ನನಗೆ ಚಿತ್ರ ಬರೆಯಲು ಬರುವುದಿಲ್ಲ’ ಎಂಬುದು ಎಲ್ಲರೂ ಹೇಳುವ ಮೊದಲ ಮಾತು. ನನಗೂ ಬರುವುದಿಲ್ಲ. ಅದಕ್ಕೇ ಕಸೂತಿ. ಧಾರವಾಡದ ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಗೋಪುರ, ರಥ, ತುಳಸಿಕಟ್ಟೆ, ಆನೆ, ನವಿಲು ಎಲ್ಲವೂ ಲೆಕ್ಕದ ಮೇಲೆ ನಿಂತಿವೆ. ಗಾವಂತಿ ಹೊಲಿಗೆಯಲ್ಲಿ ಸೂಜಿ ಹೋದ ದಾರಿಯಲ್ಲೇ ಹಿಂದಿರುಗಿ, ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಮುಂದೂ ಹಿಂದೂ ಒಂದೇ ಚಿತ್ರ. ಕೋಡ್ ಬರೆಯುವವನಿಗೆ ಇದಕ್ಕಿಂತ ಹತ್ತಿರದ ಕಲೆ ಯಾವುದಿದೆ? ಗ್ರಾಫ್ ಹಾಳೆ ಮತ್ತು ಎರಡು ಬಣ್ಣದ ಪೆನ್ನು ಸಾಕು. ಅದೂ ಬೇಡವೆಂದರೆ ಬೆಂಡೆಕಾಯಿ ಅಡ್ಡ ಕೊಯ್ದು ಬಣ್ಣದಲ್ಲಿ ಅದ್ದಿ ಒತ್ತಿ. ಶಾಲೆಯಲ್ಲಿ ಒತ್ತಿದ ಹೂವು ಈಗಲೂ ಹಾಗೇ ಮೂಡುತ್ತದೆ.

ಹಾಳೆಯೂ ಪುಣೆಯಲ್ಲೇ ಸಿಗುತ್ತದೆ. ಗಾಂಧೀಜಿಯ ಪ್ರೇರಣೆಯಿಂದ ಕೆ.ಬಿ. ಜೋಶಿಯವರು ಕಟ್ಟಿ ಬೆಳೆಸಿದ, 1940ರಲ್ಲಿ ಆರಂಭವಾದ ಕೈಕಾಗದ ಸಂಸ್ಥೆ ಶಿವಾಜಿನಗರದಲ್ಲಿದೆ. ಮರ ಕಡಿಯದೆ, ಹತ್ತಿ ಬಟ್ಟೆಯ ಚಿಂದಿಯಿಂದ ಮಾಡುವ ಕಾಗದ ಅದು. ವಿಮಾನ ನಗರದವರು ರಾಮವಾಡಿಯಲ್ಲಿ ಮೆಟ್ರೊ ಹತ್ತಿ, ಜಿಲ್ಲಾ ನ್ಯಾಯಾಲಯ ನಿಲ್ದಾಣದಲ್ಲಿ ಬದಲಿಸಿದರೆ ಮುಗಿಯಿತು. ತುಸು ದಪ್ಪ ಹಾಳೆ ಎಂದು ಹೆದರಬೇಕಿಲ್ಲ. 200 ಜಿಎಸ್ಎಂನ ಎ5 ಹಾಳೆಯೊಂದು 6 ಗ್ರಾಂ ಚಿಲ್ಲರೆ ತೂಗುತ್ತದೆ. ಎರಡು ಹಾಳೆ, ಒಂದು ತೆಳು ಲಕೋಟೆ ಸೇರಿದರೂ 20 ಗ್ರಾಂನೊಳಗೆ, ಅಂದರೆ ಐದು ರೂಪಾಯಿಯೊಳಗೇ ಬರುತ್ತದೆ. ಪೋಸ್ಟ್‌ಕಾರ್ಡಿಗೆ 50 ಪೈಸೆ, ಇನ್‌ಲ್ಯಾಂಡಿಗೆ ಎರಡೂವರೆ ರೂಪಾಯಿ. ಮಳೆಗಾಲದಲ್ಲಿ ವಿಳಾಸವನ್ನು ಜೆಲ್ ಪೆನ್ನಿನಲ್ಲಿ ಬರೆಯಬೇಡಿ. ಬಾಲ್ ಪೆನ್ ಆದೀತು, ಮೇಲೊಂದು ಪಾರದರ್ಶಕ ಟೇಪು ಇನ್ನೂ ಒಳ್ಳೆಯದು.

ವಿಳಾಸವನ್ನು ಕನ್ನಡದಲ್ಲೇ ಬರೆಯುವುದು ನನ್ನ ಪದ್ಧತಿ. ಕೊನೆಯ ಸಾಲಿಗೆ ಮಾತ್ರ ಪಿನ್‌ಕೋಡ್, ಪಕ್ಕದಲ್ಲಿ ಜಿಲ್ಲೆ ಮತ್ತು ರಾಜ್ಯದ ಹೆಸರು ಇಂಗ್ಲಿಷಿನಲ್ಲಿ. ಪಿನ್‌ಕೋಡ್ ಹುಟ್ಟಿದ್ದೇ ಇಂಥ ತೊಡಕಿಗೆ: ಒಂದೇ ಹೆಸರಿನ ಹಲವು ಊರು, ಒಂದೇ ದೇಶದಲ್ಲಿ ಹಲವು ಲಿಪಿ. ಅದನ್ನು ರೂಪಿಸಿದ ಶ್ರೀರಾಮ ಭಿಕಾಜಿ ವೇಲಣಕರ್ ಮರಾಠಿಗರು, ಸಂಸ್ಕೃತ ಕವಿ. ಜಾರಿಗೆ ಬಂದದ್ದು 1972ರ ಆಗಸ್ಟ್ 15ರಂದು. ನಮ್ಮ 411014 ಇಲ್ಲಿಂದ ಹೊರಟು, 5ರಿಂದ ಶುರುವಾಗುವ ಯಾವುದೋ ಅಂಕಿಯ ಊರಿಗೆ ಹೋಗುತ್ತದೆ. ಮೊದಲ ಅಂಕಿ ವಲಯ, ಮೊದಲ ಮೂರು ಸೇರಿ ವಿಂಗಡಣೆಯ ಜಿಲ್ಲೆ, ಕೊನೆಯ ಮೂರು ಅಂಚೆ ಕಚೇರಿ. ಅಂಕಿಗಳು ದಾರಿ ತೋರಿಸುವುದರಿಂದ ಉಳಿದ ಸಾಲುಗಳು ನಿಶ್ಚಿಂತೆಯಾಗಿ ಕನ್ನಡದಲ್ಲಿರಬಹುದು. ಮನೆಯಲ್ಲಿ ಮರಾಠಿ, ಹಿಂದಿ, ಇಂಗ್ಲಿಷಿನ ನಡುವೆ ಬೆಳೆಯುವ ನಮ್ಮ ಮಕ್ಕಳು ಕನ್ನಡ ಅಕ್ಷರ ಕಲಿಯುವುದಿಲ್ಲ ಎಂದು ಕೊರಗುವವರಿಗೆ ಒಂದು ಮಾತು: ಲಕೋಟೆಯ ಮೇಲಿನ ವಿಳಾಸವನ್ನು ಅವರಿಂದ ಬರೆಸಿ. ಹೆಸರು, ಓಣಿ, ಊರು, ತಾಲ್ಲೂಕು. ಒತ್ತಕ್ಷರ ಇಲ್ಲದ ವಿಳಾಸ ಸಿಗುವುದೇ ಕಷ್ಟ.

ಇನ್ನು ಜಗಳದ ಮಾತು. ಇತ್ತೀಚೆಗೆ ಕೈಕಾಗದ, ಅರಗಿನ ಮುದ್ರೆ, ಒಣಹೂವು ಎಲ್ಲ ರೀಲ್ಸ್‌ನಲ್ಲಿ ಬರುತ್ತಿವೆ. ಲಕೋಟೆ ಮುಚ್ಚುವ ಮೊದಲು ಸಂಗೀತ ಹಾಕಿ ವಿಡಿಯೊ ಮಾಡುತ್ತಾರೆ. ನೋಡಲು ಚೆಂದವೇ. ಆದರೆ ಗೆಳೆಯನಿಗಿಂತ ಮೊದಲು ಸಾವಿರ ಜನ ನೋಡಿದ ಕಾಗದ ಗೆಳೆಯನಿಗೆ ಬರೆದದ್ದೇ? ಕ್ಯಾಮೆರಾ ಎದುರಿಗಿದ್ದಾಗ ಕೈ ತಾನಾಗಿ ಬೇರೆಯವರಿಗಾಗಿ ಬರೆಯತೊಡಗುತ್ತದೆ. ಅಕ್ಷರ ದುಂಡಗಾಗುತ್ತದೆ, ಮಾತು ಎಲ್ಲರಿಗೂ ಒಪ್ಪುವಂಥದ್ದಾಗುತ್ತದೆ. ಆದ್ದರಿಂದ ನನ್ನ ಸಲಹೆ ಕಟ್ಟುನಿಟ್ಟಿನದು: ಕಳಿಸುವ ಮೊದಲು ಫೋಟೊ ತೆಗೆಯಬೇಡಿ. ‘ಕಳೆದುಹೋದರೆ?’ ಎನ್ನುತ್ತೀರಿ. ಕಳೆಯಬಹುದಾದದ್ದನ್ನು ಕೈಯಿಂದ ಬಿಟ್ಟಿರಿ ಎಂಬುದೇ ಅದರ ಬೆಲೆ. ಹುಟ್ಟುಹಬ್ಬಕ್ಕೆ ಏನು ಬರೆಯಬೇಕೆಂದು ಫೋನೇ ಹೇಳಿಕೊಡುವ, ಬೇಕಾದರೆ ಇಡೀ ಶುಭಾಶಯವನ್ನು ಯಂತ್ರವೇ ಬರೆದುಕೊಡುವ ಈ ದಿನಗಳಲ್ಲಿ ಚೆಂದದ ವಾಕ್ಯ ಪುಕ್ಕಟೆ. ಪುಕ್ಕಟೆಯಲ್ಲದ್ದು ಎರಡು ಸಂಜೆಯ ಹೊತ್ತು.

ಹೊತ್ತೆಲ್ಲಿದೆ ಎಂಬ ಆಕ್ಷೇಪ ಸುಳ್ಳಲ್ಲ. ಖರಾಡಿಯ ಟ್ರಾಫಿಕ್ಕು, ರಾತ್ರಿಯ ಕಾಲ್‌ಗಳು, ಮಕ್ಕಳ ಹೋಮ್‌ವರ್ಕ್ ನನಗೂ ಇವೆ. ಅದಕ್ಕೇ ನಾನು ಬರೆಯುವುದು ಆರೇ ಜನರಿಗೆ. ಗ್ರೂಪಿನಲ್ಲಿ ಅರವತ್ತು ಮಂದಿ ಇರಬಹುದು. ಎರಡು ಸಂಜೆ ಕೊಡಬಹುದಾದವರು ಎಷ್ಟು ಎಂದು ಎಣಿಸಿದರೆ ಸಂಖ್ಯೆ ತಾನಾಗಿ ಇಳಿಯುತ್ತದೆ. ಆ ಎಣಿಕೆಯೇ ಒಂದು ಉಪಯೋಗ.

ಇನ್ನೊಂದು ಕಾರಣಕ್ಕೂ ಈ ಮಾತನ್ನು ಈಗಲೇ ಹೇಳಬೇಕು. ಡೆನ್ಮಾರ್ಕಿನ ಅಂಚೆ ಸಂಸ್ಥೆ 2025ರ ಕೊನೆಯಲ್ಲಿ ಪತ್ರ ಬಟವಾಡೆಯನ್ನೇ ನಿಲ್ಲಿಸಿತು. ಅಲ್ಲಿ ಆ ಸೇವೆಗೆ ನಾನೂರು ವರ್ಷದ ಇತಿಹಾಸವಿತ್ತು. ನಮ್ಮಲ್ಲಿ ತಂತಿ ಸೇವೆ 2013ರ ಜುಲೈನಲ್ಲಿ ಮುಗಿಯಿತು. ರಿಜಿಸ್ಟರ್ಡ್ ಪೋಸ್ಟ್ 2025ರಲ್ಲಿ ಸ್ಪೀಡ್ ಪೋಸ್ಟಿನಲ್ಲಿ ಸೇರಿಹೋಯಿತು. ಆದರೂ ದೇಶದಲ್ಲಿ 1.6 ಲಕ್ಷಕ್ಕೂ ಹೆಚ್ಚು ಅಂಚೆ ಕಚೇರಿಗಳಿವೆ, ಅವುಗಳಲ್ಲಿ ಹತ್ತರಲ್ಲಿ ಸುಮಾರು ಒಂಬತ್ತು ಹಳ್ಳಿಗಳಲ್ಲಿ. 50 ಪೈಸೆಯ ಕಾರ್ಡನ್ನು ಯಾರೋ ಸೈಕಲ್ ತುಳಿದು ನಮ್ಮೂರ ಮನೆಯ ಬಾಗಿಲಿಗೆ ಇನ್ನೂ ಮುಟ್ಟಿಸುತ್ತಾರೆ. ನಮ್ಮ ಹತ್ತು ಕಾಗದಗಳಿಂದ ಅಂಚೆ ಇಲಾಖೆ ಉಳಿಯುತ್ತದೆ ಎಂದು ನಾನು ಹೇಳುವುದಿಲ್ಲ. ಇರುವಾಗ ಬಳಸಿಕೊಳ್ಳೋಣ ಎನ್ನುತ್ತೇನೆ.

ಮೊದಲ ತೊಡಕು ನೀವು ಊಹಿಸಿದ್ದಲ್ಲ. ಬಣ್ಣ, ಹಾಳೆ, ಸ್ಟಾಂಪು ಎಲ್ಲ ಸಿಗುತ್ತವೆ. ಆಪ್ತ ಗೆಳೆಯನ ಮನೆಯ ವಿಳಾಸ ಮಾತ್ರ ನಮ್ಮಲ್ಲಿ ಬಹುಪಾಲು ಜನರ ಬಳಿ ಇರುವುದಿಲ್ಲ. ಫೋನ್ ನಂಬರ್ ಇದೆ, ಲೊಕೇಶನ್ ಇದೆ. ಮನೆ ನಂಬರು, ಓಣಿಯ ಹೆಸರು ಇಲ್ಲ. ಇವತ್ತೇ ಒಬ್ಬರಿಗೆ ಸಂದೇಶ ಹಾಕಿ, ‘ನಿನ್ನ ವಿಳಾಸ ಕಳಿಸು, ಪಿನ್‌ಕೋಡ್ ಸಮೇತ’ ಎಂದು ಕೇಳಿ. ಯಾಕೆ ಎಂದು ಕೇಳಿದರೆ ಹೇಳಬೇಡಿ.